ಫ್ರೀಜರ್‌ನಲ್ಲಿರುವ ಮಾದರಿ ನಂಬಿಕೆಗೆ ಯೋಗ್ಯವೇ? ಸಂಶೋಧನಾ ಮಾದರಿಗಳ ಗುಣಮಟ್ಟ ಪರಿಶೀಲನೆ, ಹಂತ ಹಂತವಾಗಿ

ಎರಡು ಟ್ಯೂಬ್‌ಗಳಲ್ಲಿ ಪ್ಲಾಸ್ಮಾ, ಅಂದರೆ ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವ ಭಾಗ, ಇದೆ ಎಂದುಕೊಳ್ಳಿ. ಎರಡೂ ತಿಳಿ ಹಳದಿ, ಎರಡರ ಮೇಲೂ ಬಾರ್‌ಕೋಡ್ ಸ್ಪಷ್ಟವಾಗಿದೆ, ಎರಡೂ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ವರ್ಷ ಕಳೆದಿವೆ. ಒಂದರ ರಕ್ತವನ್ನು ತೆಗೆದ ಅರ್ಧ ಗಂಟೆಯೊಳಗೆ, ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್‌ಗೆ ಹಾಕಲಾಗಿತ್ತು. ಇನ್ನೊಂದರ ರಕ್ತ ಮೇಜಿನ ಮೇಲೆ ಆರು ಗಂಟೆ ಕಾದಿತ್ತು. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಆದರೆ ಆ ಆರು ಗಂಟೆಯೂ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇದ್ದವು. ಕೋಣೆಯ ಉಷ್ಣತೆಯಲ್ಲಿ, ಕಣಗಳನ್ನು ಬೇರ್ಪಡಿಸದ ರಕ್ತದಲ್ಲಿ ಗ್ಲೂಕೋಸ್ ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಎರಡನೆಯ ಟ್ಯೂಬ್ ಬಳಸಿ ಸಕ್ಕರೆ ಕಾಯಿಲೆಯ ಕುರಿತು ಪ್ರಬಂಧ ಬರೆಯುವವರಿಗೆ ಈ ಸಂಗತಿ ಯಾರೂ ಹೇಳದಿದ್ದರೆ ತಿಳಿಯುವುದೇ ಇಲ್ಲ.

ಫ್ರೀಜರ್ ಹಾಳಾಗುವುದನ್ನು ನಿಧಾನ ಮಾಡುತ್ತದೆ. ಆಗಲೇ ಹಾಳಾಗಿದ್ದನ್ನು ಸರಿಮಾಡುವುದಿಲ್ಲ. ಆದ್ದರಿಂದ ಗುಣಮಟ್ಟ ಪರಿಶೀಲನೆ ಎಂದರೆ ಮುಕ್ಕಾಲು ಪಾಲು ಮಾದರಿಯ ಪೂರ್ವಚರಿತ್ರೆಯ ಪರಿಶೀಲನೆ. ದುಬಾರಿ ಯಂತ್ರದಲ್ಲಿ ಅಳೆಯುವುದು ಉಳಿದ ಕಾಲು ಪಾಲು. ಬಹಳಷ್ಟು ಕಡೆ ಇದು ತಿರುವುಮುರುವಾಗಿ ನಡೆಯುತ್ತದೆ: ಯಂತ್ರದ ವರದಿ ಕಡತದಲ್ಲಿ ಅಚ್ಚುಕಟ್ಟಾಗಿರುತ್ತದೆ, ರಕ್ತ ತೆಗೆದ ಸಮಯದ ಕಾಲಂ ಖಾಲಿ ಇರುತ್ತದೆ. ಸಣ್ಣ ಅಥವಾ ಮಧ್ಯಮ ಗಾತ್ರದ ಮಾದರಿ ಸಂಗ್ರಹವನ್ನು ನೋಡಿಕೊಳ್ಳುವವರಿಗಾಗಿ, ಕೆಲಸ ನಡೆಯಬೇಕಾದ ಕ್ರಮದಲ್ಲೇ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಹಂತ 1: ಯಾವ ಬಳಕೆಗೆ ಎಂದು ಮೊದಲು ಬರೆದಿಡಿ

‘ಒಳ್ಳೆಯ ಮಾದರಿ’ ಎಂಬುದು ಸ್ವತಂತ್ರವಾಗಿ ಇರುವ ವಸ್ತುವಲ್ಲ. ಯಾವುದಕ್ಕೆ ಒಳ್ಳೆಯದು ಎಂಬುದೇ ಪ್ರಶ್ನೆ. ಇಡಿಟಿಎ (ರಕ್ತ ಗರಣೆ ಕಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್‌ನಲ್ಲಿ ಒಂದು ದಿನ ಕಾದ ರಕ್ತದಿಂದ ಆನುವಂಶಿಕ ಪರೀಕ್ಷೆಗೆ ಬೇಕಾದ ಡಿಎನ್‌ಎ ಆರಾಮಾಗಿ ಸಿಗುತ್ತದೆ. ಅದೇ ರಕ್ತ ಪೊಟ್ಯಾಸಿಯಂ, ಲ್ಯಾಕ್ಟೇಟ್, ಆರ್‌ಎನ್‌ಎ ಇವುಗಳಿಗೆ ಕೆಲಸಕ್ಕೆ ಬಾರದು. ಡಿಎನ್‌ಎ ಬಹಳ ಸಹಿಸಿಕೊಳ್ಳುತ್ತದೆ. ಪ್ರೊಟೀನ್‌ಗಳಲ್ಲಿ ಕೆಲವು ಗಟ್ಟಿ, ಕೆಲವು ಸೂಕ್ಷ್ಮ. ಆರ್‌ಎನ್‌ಎ ಮತ್ತು ಚಯಾಪಚಯದ ಸಣ್ಣ ಅಣುಗಳು ನಿಮಿಷಗಳ ಲೆಕ್ಕ ಕೇಳುತ್ತವೆ.

ಹಾಗಾಗಿ ಪ್ರತಿ ಬಗೆಯ ಮಾದರಿಗೂ ಒಂದು ಪುಟದ ಟಿಪ್ಪಣಿ ಸಿದ್ಧಪಡಿಸಿ. ಯಾವ ಪರೀಕ್ಷೆಗಳಿಗೆ ಕೊಡಬಹುದು, ಪ್ರತಿಯೊಂದಕ್ಕೂ ಒಪ್ಪಬಹುದಾದ ಗರಿಷ್ಠ ವಿಳಂಬ ಎಷ್ಟು, ಎಷ್ಟು ಬಾರಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬಹುದು ಎಂಬುದು ಅದರಲ್ಲಿರಲಿ. ಈ ಟಿಪ್ಪಣಿ ಇದ್ದರೆ ‘ತಿರಸ್ಕರಿಸಬೇಕೇ, ಇಟ್ಟುಕೊಳ್ಳಬೇಕೇ’ ಎಂಬ ಚರ್ಚೆ ಅರ್ಧಕ್ಕರ್ಧ ಮುಗಿದಂತೆ. ಬಯೋಬ್ಯಾಂಕ್‌ಗಳ (ಸಂಶೋಧನಾ ಮಾದರಿಗಳ ಸಂಗ್ರಹಾಲಯಗಳ) ಅಂತರರಾಷ್ಟ್ರೀಯ ಮಾನದಂಡವಾದ, 2018ರಲ್ಲಿ ಬಂದ ಐಎಸ್‌ಒ 20387 ಕೂಡ ಇದನ್ನೇ ಕೇಳುತ್ತದೆ: ಮಾದರಿ ಉದ್ದೇಶಕ್ಕೆ ತಕ್ಕಂತಿದೆ ಎಂಬುದನ್ನು ತೋರಿಸಿ.

ಹಂತ 2: ಸಂಗ್ರಹದಿಂದ ಫ್ರೀಜರ್‌ವರೆಗಿನ ಗಡಿಯಾರ

ಹೆಚ್ಚಿನ ಹಾನಿ ಆಗುವುದು ಇಲ್ಲೇ. ರಕ್ತದ ಮಾದರಿಗೆ ನಾಲ್ಕು ಸಮಯಗಳನ್ನು ಬರೆಯಲೇಬೇಕು: ರಕ್ತ ತೆಗೆದದ್ದು, ಸೆಂಟ್ರಿಫ್ಯೂಜ್ ಶುರುವಾದದ್ದು, ಸಣ್ಣ ಟ್ಯೂಬ್‌ಗಳಿಗೆ ಹಂಚಿದ್ದು, ಫ್ರೀಜರ್‌ಗೆ ಹೋದದ್ದು. ಜೊತೆಗೆ ನಡುವೆ ಅದು ಯಾವ ತಾಪಮಾನದಲ್ಲಿತ್ತು ಎಂಬುದು. ಸೀರಮ್, ಅಂದರೆ ರಕ್ತ ಗರಣೆ ಕಟ್ಟಿದ ಮೇಲೆ ಉಳಿಯುವ ದ್ರವ ಬೇಕಾದರೆ, ರಕ್ತ ಗರಣೆ ಕಟ್ಟಲು ಕೋಣೆಯ ಉಷ್ಣತೆಯಲ್ಲಿ 30ರಿಂದ 60 ನಿಮಿಷ ಬಿಡಬೇಕು. ಅವಸರ ಮಾಡಿದರೆ ಮುಂದೆ ಟ್ಯೂಬ್‌ನೊಳಗೆ ಫೈಬ್ರಿನ್ ಎಳೆಗಳು ಮೂಡಿ, ವಿಶ್ಲೇಷಣಾ ಯಂತ್ರದ ಸೂಜಿ ಕಟ್ಟಿಕೊಳ್ಳುತ್ತದೆ.

ಆ ಸಮಯಗಳು ಬರೆದಿವೆ ಎಂದ ಮಾತ್ರಕ್ಕೆ ನಂಬಬೇಡಿ. ದಾಖಲೆಯನ್ನು ಒಮ್ಮೆ ಸಾಲಾಗಿ ಇಳಿಸಿಕೊಂಡು ನೋಡಿ. ಎಲ್ಲ ಸಮಯಗಳೂ ಸೊನ್ನೆಯಲ್ಲೋ ಮೂವತ್ತರಲ್ಲೋ ಮುಗಿಯುತ್ತಿದ್ದರೆ, ಪ್ರತಿ ಮಾದರಿಗೂ ಅಂತರ ಸರಿಯಾಗಿ 45 ನಿಮಿಷವೇ ಇದ್ದರೆ, ಅದು ಗಡಿಯಾರ ನೋಡಿ ಬರೆದದ್ದಲ್ಲ, ಸಂಜೆ ಒಟ್ಟಿಗೆ ಕುಳಿತು ಕಾಟಾಚಾರಕ್ಕೆ ತುಂಬಿದ್ದು. ನಿಜವಾದ ದಾಖಲೆ ಏರುಪೇರಾಗಿರುತ್ತದೆ. ಅದರಲ್ಲಿ 37 ನಿಮಿಷವೂ ಇರುತ್ತದೆ, ಎರಡು ಗಂಟೆ ತಡವಾದ ಒಂದು ಸಾಲೂ ಇರುತ್ತದೆ. ಗುಣಮಟ್ಟ ಪರಿಶೀಲನೆಗೆ ಕುಳಿತವರು ಮೊದಲು ತೆರೆಯಬೇಕಾದ ಕಡತ ಇದು ಎಂಬುದು ನನ್ನ ಅಭಿಪ್ರಾಯ. ತಪ್ಪು ಸಿಕ್ಕರೆ ಬರೆದವರನ್ನು ಗದರಿಸಿ ಪ್ರಯೋಜನವಿಲ್ಲ. ಸೆಂಟ್ರಿಫ್ಯೂಜ್ ಪಕ್ಕದಲ್ಲೇ ಸ್ಕ್ಯಾನರ್ ಇಟ್ಟು, ಬಾರ್‌ಕೋಡ್ ಓದಿದ ಕ್ಷಣವೇ ಸಮಯ ತಾನಾಗಿ ದಾಖಲಾಗುವಂತೆ ಮಾಡಿ.

ಟ್ಯೂಬ್‌ನ ಬಗೆಯೂ ದಾಖಲಾಗಲಿ. ಗರಣೆ ತಡೆಯುವ ಇನ್ನೊಂದು ರಾಸಾಯನಿಕವಾದ ಹೆಪಾರಿನ್ ಇರುವ ಟ್ಯೂಬ್‌ನ ಮಾದರಿ, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆಗೆ ಅಡ್ಡಿ ಮಾಡುತ್ತದೆ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ; ಟ್ಯೂಬ್‌ಗಳಲ್ಲಿ ಸಾಮಾನ್ಯವಾಗಿ ಅದು ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ. ಇದರಿಂದಲೇ ಒಂದು ಉಪಯುಕ್ತ ತಪಾಸಣೆ ಹುಟ್ಟುತ್ತದೆ. ‘ಸೀರಮ್’ ಎಂದು ಚೀಟಿ ಅಂಟಿಸಿದ ಟ್ಯೂಬ್‌ನಲ್ಲಿ ಪೊಟ್ಯಾಸಿಯಂ ಮನುಷ್ಯ ಬದುಕಲಾರದಷ್ಟು ಮೇಲಿದ್ದು, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕೆಳಗಿದ್ದರೆ ಅದು ಸೀರಮ್ ಅಲ್ಲ, ಇಡಿಟಿಎ ಪ್ಲಾಸ್ಮಾ. ಹಳೆಯ ಸಂಗ್ರಹವೊಂದನ್ನು ವಹಿಸಿಕೊಂಡಾಗ ಚೀಟಿಗಳು ನಿಜ ಹೇಳುತ್ತಿವೆಯೇ ಎಂದು ತಿಳಿಯಲು ಈ ಎರಡು ಅಗ್ಗದ ಅಳತೆಗಳು ಸಾಕು.

ಅಂಗಾಂಶದ ಗಡಿಯಾರ ಬೇರೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳ ಕಟ್ಟಿದ ಕ್ಷಣದಿಂದಲೇ ಜೀವಕೋಶಗಳಿಗೆ ಆಮ್ಲಜನಕ ನಿಲ್ಲುತ್ತದೆ. ತುಂಡನ್ನು ಹೊರತೆಗೆದ ಮೇಲೆ ಅದು ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಅಥವಾ ದ್ರವ ಸಾರಜನಕ ಸೇರುವವರೆಗೆ ಇನ್ನೊಂದು ಅವಧಿ ಕಳೆಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕು. ಸ್ತನ ಕ್ಯಾನ್ಸರ್‌ನ ಗ್ರಾಹಕ (ರಿಸೆಪ್ಟರ್) ಪರೀಕ್ಷೆಗಳಿಗೆ ಪ್ರಚಲಿತ ನಿಯಮ ಹೀಗಿದೆ: ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, ಶೇಕಡಾ 10ರ ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇರಬೇಕು. ಶುಕ್ರವಾರ ಸಂಜೆ ಬಂದ ತುಂಡುಗಳ ದಾಖಲೆಯನ್ನು ಪ್ರತ್ಯೇಕವಾಗಿ ನೋಡಿ. ವಾರಾಂತ್ಯ ಪೂರ್ತಿ ಫಾರ್ಮಲಿನ್‌ನಲ್ಲಿ ಮುಳುಗಿದ್ದವು ಅಲ್ಲೇ ಸಿಗುತ್ತವೆ.

ಈ ಎಲ್ಲ ವಿವರಗಳನ್ನು ಒಂದು ಸಾಲಿಗೆ ಇಳಿಸಲು ಸ್ಪ್ರೆಕ್ ಎಂಬ ಸಂಕೇತ ಪದ್ಧತಿ ಇದೆ. ಬಯೋಬ್ಯಾಂಕ್‌ಗಳ ಅಂತರರಾಷ್ಟ್ರೀಯ ಸಂಘವಾದ ಇಸ್ಬರ್ 2010ರಲ್ಲಿ ಅದನ್ನು ಪ್ರಕಟಿಸಿತು. ಮಾದರಿಯ ಬಗೆ, ಟ್ಯೂಬ್, ವಿಳಂಬ, ಸೆಂಟ್ರಿಫ್ಯೂಜ್, ಶೇಖರಣೆ ಹೀಗೆ ಏಳು ಅಂಶಗಳು ಏಳು ತುಣುಕುಗಳ ಒಂದು ಸಂಕೇತವಾಗುತ್ತವೆ. ಎರಡು ಸಂಸ್ಥೆಗಳ ಮಾದರಿಗಳನ್ನು ಒಟ್ಟು ಸೇರಿಸುವ ಮುನ್ನ ತಾಳೆ ನೋಡಲು ಬಹಳ ಅನುಕೂಲ.

ಹಂತ 3: ಒಳಗೆ ಸೇರಿಸುವ ಮುನ್ನ ಕಣ್ಣಿನ ತಪಾಸಣೆ

ಇದು ಅರ್ಧ ನಿಮಿಷದ ಕೆಲಸ. ಪ್ರಮಾಣ ಸರಿಯಿದೆಯೇ, ಮುಚ್ಚಳ ಬಿಗಿಯಾಗಿದೆಯೇ, ಬಣ್ಣ ಹೇಗಿದೆ ನೋಡಿ. ಗುಲಾಬಿ ಅಥವಾ ಕೆಂಪು ಛಾಯೆ ಕಂಡರೆ ಕೆಂಪು ರಕ್ತಕಣಗಳು ಒಡೆದಿವೆ, ಅಂದರೆ ಹೀಮಾಲಿಸಿಸ್ ಆಗಿದೆ. ಹಾಲಿನಂತೆ ಮಬ್ಬಾಗಿದ್ದರೆ ಕೊಬ್ಬು ಹೆಚ್ಚಿದೆ. ಗಾಢ ಹಳದಿಯಾದರೆ ಬಿಲಿರುಬಿನ್. ಗೋಡೆಗೆ ಒಂದು ಬಣ್ಣದ ಪಟ್ಟಿ ಅಂಟಿಸಿ, ಅದರ ಅಂಕಿಯನ್ನೇ ಬರೆಯುವಂತೆ ಹೇಳಿ. ‘ಸ್ವಲ್ಪ ಕೆಂಪು’ ಎಂಬ ಬರಹ ಇಬ್ಬರಿಗೆ ಎರಡು ಅರ್ಥ ಕೊಡುತ್ತದೆ.

ಕಣ್ಣಿಗೆ ಕಾಣದ ಹೀಮಾಲಿಸಿಸ್ ಕೂಡ ಕೆಲವು ಸಂಶೋಧನೆಗಳನ್ನು ಕೆಡಿಸುತ್ತದೆ. ರಕ್ತದಲ್ಲಿರುವ ಮೈಕ್ರೋಆರ್‌ಎನ್‌ಎ (ಬಹಳ ಚಿಕ್ಕ ಆರ್‌ಎನ್‌ಎ ತುಣುಕುಗಳು) ಅಳೆಯುವವರು 414 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹೀರಿಕೆಯನ್ನು ನೋಡುತ್ತಾರೆ, ಏಕೆಂದರೆ ಹಿಮೋಗ್ಲೋಬಿನ್ ಅಲ್ಲಿ ಬಲವಾಗಿ ಹೀರುತ್ತದೆ. ಹಲವು ಪ್ರಯೋಗಾಲಯಗಳು 0.2 ಅನ್ನು ಗಡಿಯಾಗಿ ಇಟ್ಟುಕೊಂಡಿವೆ. ಕೆಲವೇ ಮೈಕ್ರೊಲೀಟರ್ ಸಾಕಾಗುವ ಈ ಅಳತೆಯನ್ನು ಹಂಚುವ ಹೊತ್ತಿನಲ್ಲೇ, ತಳದಲ್ಲಿ ಉಳಿದ ದ್ರವದಿಂದ ಮಾಡಿಬಿಟ್ಟರೆ ಸಂಗ್ರಹದ ಟ್ಯೂಬ್ ಮುಟ್ಟಬೇಕಾಗಿಲ್ಲ. ಆದರೆ ತಳ ಕದಡಿ ರಕ್ತಕಣಗಳು ಮೇಲೆ ಬರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅಳತೆಯೇ ಸುಳ್ಳಾಗುತ್ತದೆ.

ಹಂತ 4: ಈ ಟ್ಯೂಬ್ ನಿಜವಾಗಿ ಅದೇ ವ್ಯಕ್ತಿಯದೇ?

ಕೊಳೆತ ಮಾದರಿ ಒಂದು ಪ್ರಯೋಗವನ್ನು ಕೆಡಿಸುತ್ತದೆ. ಅದಲುಬದಲಾದ ಮಾದರಿ ಎರಡನ್ನು ಕೆಡಿಸುತ್ತದೆ, ಅದೂ ಸದ್ದಿಲ್ಲದೆ.

ಚೀಟಿಯಿಂದ ಶುರು ಮಾಡಿ. ಹೊಸ ಚೀಟಿಯ ಸುರುಳಿ ಕೊಳ್ಳುವ ಮೊದಲು ಹತ್ತಾರು ಖಾಲಿ ಟ್ಯೂಬ್‌ಗಳಿಗೆ ಅಂಟಿಸಿ, ಮೈನಸ್ 80ರಲ್ಲಿ ಒಂದು ವಾರ ಇಟ್ಟು, ಹೊರತೆಗೆದು, ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಉಗುರಿನಿಂದ ಕೆರೆದು ನೋಡಿ. ದ್ರವ ಸಾರಜನಕಕ್ಕೆ ಹೋಗುವುದಾದರೆ ಅಲ್ಲೂ ಇದೇ ಪರೀಕ್ಷೆ. ಹೆಪ್ಪುಗಟ್ಟಿದ ಟ್ಯೂಬ್ ಮೇಲೆ ಸಾಮಾನ್ಯ ಚೀಟಿ ಅಂಟುವುದಿಲ್ಲ. ಸಾಮಾನ್ಯ ಮಾರ್ಕರ್ ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದರೆ ಅಳಿದುಹೋಗುತ್ತದೆ. ತಳದಲ್ಲಿ ಎರಡು ಆಯಾಮದ ಬಾರ್‌ಕೋಡ್ ಕೆತ್ತಿರುವ ಟ್ಯೂಬ್‌ಗಳಿಗೆ ಹಣ ಹೊಂದಿಸಲು ಸಾಧ್ಯವಾದರೆ ಈ ತಲೆನೋವೇ ಇಲ್ಲ.

ಮುಂದೆ ಪೆಟ್ಟಿಗೆ. ಒಂಬತ್ತಕ್ಕೆ ಒಂಬತ್ತರ ಪೆಟ್ಟಿಗೆಯಲ್ಲಿ 81 ಜಾಗಗಳಿರುತ್ತವೆ. ಅದನ್ನು ಯಾರಾದರೂ ಹಿಂದುಮುಂದಾಗಿ ತಿರುಗಿಸಿಟ್ಟರೆ ಒಂದನೆಯ ಜಾಗದಲ್ಲಿ 81ನೆಯ ಟ್ಯೂಬ್ ಬಂದು ಕೂರುತ್ತದೆ, ಹತ್ತರ ಜಾಗಕ್ಕೆ 72 ಬರುತ್ತದೆ. ಬದಲಾಗದೆ ಉಳಿಯುವುದು ಒಂದೇ ಒಂದು: ನಟ್ಟನಡುವಿನ 41. ತಪಾಸಣೆಗೆ ಬಂದವರು ಕೈಗೆ ಸುಲಭವೆಂದು ನಡುವಿನ ಟ್ಯೂಬ್ ತೆಗೆದು ‘ಸರಿಯಿದೆ’ ಎಂದರೆ ಉಳಿದ 80 ತಪ್ಪಾಗಿದ್ದರೂ ಗೊತ್ತಾಗದು. ಮೂಲೆಯಿಂದ ತೆಗೆಯಿರಿ. ಪೆಟ್ಟಿಗೆ ಮತ್ತು ಮುಚ್ಚಳ ಎರಡರ ಮೇಲೂ ಒಂದೇ ಮೂಲೆಗೆ ಗುರುತು ಹಾಕಿ.

ದಾಸ್ತಾನು ತಪಾಸಣೆಯನ್ನು ಎರಡೂ ದಿಕ್ಕಿನಿಂದ ಮಾಡಬೇಕು. ಗಣಕದ ಪಟ್ಟಿಯಿಂದ ಕೆಲವು ಟ್ಯೂಬ್‌ಗಳನ್ನು ಆಯ್ದು ಫ್ರೀಜರ್‌ನಲ್ಲಿ ಹುಡುಕುವುದು ಒಂದು ದಿಕ್ಕು. ಕಾಣೆಯಾದವು ಇದರಲ್ಲಿ ಸಿಗುತ್ತವೆ. ಫ್ರೀಜರ್‌ನಿಂದ ಕೆಲವು ಟ್ಯೂಬ್‌ಗಳನ್ನು ತೆಗೆದು ಪಟ್ಟಿಯಲ್ಲಿ ಹುಡುಕುವುದು ಇನ್ನೊಂದು. ಲೆಕ್ಕಕ್ಕೇ ಸಿಗದ ಅನಾಥ ಟ್ಯೂಬ್‌ಗಳು ಬೆಳಕಿಗೆ ಬರುವುದು ಇದರಲ್ಲಿ. ಎರಡನೆಯದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ.

ಡಿಎನ್‌ಎ ಮಟ್ಟದಲ್ಲಿ ಸರಳ ತಪಾಸಣೆ ಲಿಂಗದ್ದು. ದಾಖಲೆಯಲ್ಲಿ ಹೆಣ್ಣು ಎಂದಿರುವ ಮಾದರಿಯಲ್ಲಿ ವೈ ಕ್ರೋಮೋಸೋಮ್ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಟ್ಯೂಬ್ ಅನ್ನು. ಆದರೆ ಮೂಳೆ ಮಜ್ಜೆ ಕಸಿ ಮಾಡಿಸಿಕೊಂಡವರ ರಕ್ತದಲ್ಲಿ ದಾನಿಯ ಡಿಎನ್‌ಎ ಇರುತ್ತದೆ ಎಂಬುದನ್ನು ಮರೆಯಬೇಡಿ. ಗಂಡು ಗಂಡಿನೊಂದಿಗೆ ಅದಲುಬದಲಾದರೆ ಲಿಂಗದ ತಪಾಸಣೆ ಸುಮ್ಮನಿರುತ್ತದೆ. ಅದಕ್ಕಾಗಿ ಕೆಲವು ಡಜನ್ ಆನುವಂಶಿಕ ಗುರುತುಗಳ ಸಣ್ಣ ಪರೀಕ್ಷೆ ಬೇಕು. ಒಂದೇ ವ್ಯಕ್ತಿಯ ರಕ್ತ ಮತ್ತು ಗಡ್ಡೆಯ ತುಂಡು ಎರಡೂ ಇದ್ದರೆ ಅವು ಹೊಂದುತ್ತವೆಯೇ ಎಂದು ಇದರಲ್ಲಿ ತಿಳಿಯುತ್ತದೆ.

ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಬೆಳೆಸುವ ಕೋಶಗಳನ್ನು, ಅಂದರೆ ಕೋಶ ಸಾಲುಗಳನ್ನು ಇಡುವವರು ಇನ್ನೂ ಎಚ್ಚರದಿಂದಿರಬೇಕು. ಬೇರೆಬೇರೆ ಎಂದು ನಂಬಲಾಗಿದ್ದ 18 ಕೋಶ ಸಾಲುಗಳು ವಾಸ್ತವವಾಗಿ ಹೀಲಾ ಎಂಬ ಕ್ಯಾನ್ಸರ್ ಕೋಶಗಳಿಂದ ಕಲುಷಿತವಾಗಿವೆ ಎಂದು ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ 1966ರಲ್ಲೇ ತೋರಿಸಿದ್ದರು. ಈಗ ಎಸ್‌ಟಿಆರ್, ಅಂದರೆ ಡಿಎನ್‌ಎಯಲ್ಲಿ ಮರುಕಳಿಸುವ ಸಣ್ಣ ತುಣುಕುಗಳಿಂದ ಗುರುತು ಹಿಡಿಯುವ ಪರೀಕ್ಷೆ ರೂಢಿಯಲ್ಲಿದೆ. ಮೂಲದೊಂದಿಗೆ ಶೇಕಡಾ 80 ಅಥವಾ ಹೆಚ್ಚು ಹೊಂದಿಕೆಯಾದರೆ ಒಂದೇ ಮೂಲ ಎಂದು ತೆಗೆದುಕೊಳ್ಳುತ್ತಾರೆ. ಜೊತೆಗೆ ಮೈಕೋಪ್ಲಾಸ್ಮಾ ಪರೀಕ್ಷೆ ಕಡ್ಡಾಯ. ಈ ಸೂಕ್ಷ್ಮಜೀವಿಗಳು ಬೆಳೆದರೂ ದ್ರಾವಣ ಮಬ್ಬಾಗುವುದಿಲ್ಲ, ಕೋಶಗಳ ವರ್ತನೆ ಮಾತ್ರ ಬದಲಾಗುತ್ತದೆ.

ಹಂತ 5: ತಣ್ಣಗಿದೆ ಎಂಬುದಕ್ಕೆ ಸಾಕ್ಷಿ

ಫ್ರೀಜರ್ ಮುಂಭಾಗದ ಅಂಕಿ ಸಾಕ್ಷಿಯಲ್ಲ. 2012ರಲ್ಲಿ ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿರುವ ಹಾರ್ವರ್ಡ್‌ನ ಮೆದುಳು ಅಂಗಾಂಶ ಸಂಗ್ರಹದಲ್ಲಿ ಒಂದು ಫ್ರೀಜರ್ ಕೆಟ್ಟು ಸುಮಾರು 150 ಮೆದುಳುಗಳು ಕರಗಿದವು. ಅವುಗಳಲ್ಲಿ 54 ಆಟಿಸಂ ಸಂಶೋಧನೆಗೆ ಮೀಸಲಾಗಿದ್ದವು. ಹೊರಗಿನ ಫಲಕ ಮೈನಸ್ 79 ತೋರಿಸುತ್ತಲೇ ಇತ್ತು, ಎಚ್ಚರಿಕೆಯ ಗಂಟೆಗಳೂ ಮೊಳಗಲಿಲ್ಲ. ಆದ್ದರಿಂದ ಫ್ರೀಜರ್‌ನ ಸ್ವಂತ ಸಂವೇದಕವನ್ನು ಅವಲಂಬಿಸದ, ಬೇರೆ ವಿದ್ಯುತ್ ಮೂಲದ ಎರಡನೆಯ ಸಂವೇದಕ ಇರಲಿ. ವರ್ಷಕ್ಕೊಮ್ಮೆಯಾದರೂ ಅದನ್ನು ಪ್ರಮಾಣಿತ ತಾಪಮಾಪಕದೊಂದಿಗೆ ಹೋಲಿಸಿ. ಹೊಸ ಫ್ರೀಜರ್ ಬಂದಾಗ ಮೇಲೆ, ಕೆಳಗೆ, ಹಿಂದೆ, ಬಾಗಿಲ ಬಳಿ ಸಂವೇದಕಗಳನ್ನಿಟ್ಟು ಒಂದು ದಿನ ಪೂರ್ತಿ ಅಳೆದು ನಕ್ಷೆ ಮಾಡಿಕೊಳ್ಳಿ. ತುಂಬಿದ ಮೇಲೆ ಮತ್ತೊಮ್ಮೆ. ಅತ್ಯಂತ ಬೆಚ್ಚಗಿರುವ ಮೂಲೆ ಎಲ್ಲಿದೆಯೋ ಅಲ್ಲಿ ಖಾಯಂ ಸಂವೇದಕ ಇಡಬೇಕು.

ಗಂಟೆ ಮೊಳಗಿದರೆ ಸಾಲದು, ಯಾರಾದರೂ ಬರಬೇಕು. 2023ರ ಡಿಸೆಂಬರ್ 22–23ರ ಹೊತ್ತಿಗೆ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ 16 ಟ್ಯಾಂಕುಗಳಿಗೆ ದ್ರವ ಸಾರಜನಕದ ಪೂರೈಕೆ ನಿಂತಿತು. ನಾಲ್ಕು ದಿನ ತಾಳಬಲ್ಲ ಟ್ಯಾಂಕುಗಳು ಕ್ರಿಸ್‌ಮಸ್ ರಜೆಯಲ್ಲಿ ಐದು ದಿನ ಹಾಗೇ ಉಳಿದವು. ಮೂರು ದಶಕಗಳಿಂದ ಕೂಡಿಟ್ಟ ಮಾದರಿಗಳು ಹೋದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬದಲು, ರಜೆಯ ದಿನ ರಾತ್ರಿ ಬೇಕೆಂದೇ ಎಚ್ಚರಿಕೆಯನ್ನು ಚಾಲೂ ಮಾಡಿ ಎಷ್ಟು ಹೊತ್ತಿಗೆ ಯಾರು ಬಂದರು ಎಂದು ಬರೆದಿಡಿ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮಾಡುವ ಎಚ್ಚರಿಕೆ ಪರೀಕ್ಷೆಯಿಂದ ತಿಳಿಯುವುದು ಗಂಟೆ ಕೆಲಸ ಮಾಡುತ್ತದೆ ಎಂಬುದು ಮಾತ್ರ. ಪಟ್ಟಿಯಲ್ಲಿರುವ ಮೊಬೈಲ್ ಸಂಖ್ಯೆಗಳಲ್ಲಿ ಒಂದಾದರೂ ಕೆಲಸ ಬಿಟ್ಟು ಹೋದವರದ್ದು ಇರುತ್ತದೆ.

ಇನ್ನೆರಡು ಮಾತು. ಚಾಲನೆಯಲ್ಲಿರುವ ಖಾಲಿ ಫ್ರೀಜರ್ ಒಂದು ಯಾವಾಗಲೂ ಇರಬೇಕು. ‘ಖಾಲಿ ಇದೆಯಲ್ಲ’ ಎಂದು ಅದನ್ನು ತುಂಬಿಸಲು ಬರುವ ಒತ್ತಡಕ್ಕೆ ಮಣಿಯಬೇಡಿ. ಮತ್ತು ಒಬ್ಬ ದಾನಿಯ ಎಲ್ಲ ಟ್ಯೂಬ್‌ಗಳನ್ನು ಒಂದೇ ಕಡೆ ಇಡಬೇಡಿ. 2006ರಿಂದ 2010ರವರೆಗೆ ಸುಮಾರು 5 ಲಕ್ಷ ಜನರನ್ನು ಸೇರಿಸಿಕೊಂಡ ಯುಕೆ ಬಯೋಬ್ಯಾಂಕ್ ತನ್ನ ಮಾದರಿಗಳ ಒಂದು ಭಾಗವನ್ನು ಮೈನಸ್ 80ರ ಸ್ವಯಂಚಾಲಿತ ಉಗ್ರಾಣದಲ್ಲಿಯೂ ಇನ್ನೊಂದು ಭಾಗವನ್ನು ಬೇರೆ ಸ್ಥಳದ ದ್ರವ ಸಾರಜನಕದಲ್ಲಿಯೂ ಇಟ್ಟಿದೆ.

ಮನೆಬಳಕೆಯ ‘ಹಿಮಗಟ್ಟದ’ ಮೈನಸ್ 20ರ ಫ್ರೀಜರ್‌ಗಳು ಮಾದರಿಗೆ ಬೇಡ. ಮಂಜು ಕರಗಿಸಲು ಅವು ತಾವಾಗಿ ಆಗಾಗ ಬೆಚ್ಚಗಾಗುತ್ತವೆ, ಆ ಏರಿಳಿತವೇ ಹಾನಿ.

ಜೀವಂತ ಕೋಶಗಳಿಗೆ ಮೈನಸ್ 80 ತಾತ್ಕಾಲಿಕ ತಂಗುದಾಣವಷ್ಟೇ. ನೀರು ಗಾಜಿನಂಥ ಸ್ಥಿತಿಗೆ ಹೋಗುವುದು ಸುಮಾರು ಮೈನಸ್ 135 ಡಿಗ್ರಿಯಲ್ಲಿ. ಅದಕ್ಕಿಂತ ಕೆಳಗಿದ್ದರೆ ಮಾತ್ರ ವರ್ಷಗಟ್ಟಲೆ ಬದಲಾವಣೆ ನಿಲ್ಲುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಸಾರಜನಕದ ಟ್ಯಾಂಕಿನಿಂದ ತೆಗೆದು ಒಣ ಮಂಜುಗಡ್ಡೆಯ ಮೇಲಿಟ್ಟು ನಿಧಾನವಾಗಿ ಒಂದು ಟ್ಯೂಬ್ ಹುಡುಕಿದರೆ, ಮೈನಸ್ 78ರ ಆ ಮಂಜುಗಡ್ಡೆ ಉಳಿದ 80 ಟ್ಯೂಬ್‌ಗಳನ್ನು ಬೆಚ್ಚಗೆ ಮಾಡುತ್ತಿರುತ್ತದೆ. ದ್ರವದಲ್ಲಿ ಮುಳುಗಿಸುವುದಕ್ಕಿಂತ ಆವಿಯಲ್ಲಿ ಇಡುವುದು ಮೇಲು. ಸೋರಿಕೆಯಾಗಿ ದ್ರವದ ಮೂಲಕ ಹೆಪಟೈಟಿಸ್ ಬಿ ವೈರಸ್ ಒಂದು ಮಾದರಿಯಿಂದ ಇನ್ನೊಂದಕ್ಕೆ ಹರಡಿದ ಪ್ರಕರಣ 1995ರಲ್ಲಿ ವರದಿಯಾಯಿತು. ಒಳಗೆ ದ್ರವ ಸೇರಿಕೊಂಡ ಟ್ಯೂಬ್ ಹೊರತೆಗೆದಾಗ ಸಿಡಿಯುವುದೂ ಉಂಟು. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗುತ್ತದೆ. ಆ ಕೋಣೆಯಲ್ಲಿ ಆಮ್ಲಜನಕದ ಮಾಪಕ ಇಲ್ಲದಿದ್ದರೆ ಮಾದರಿಗಿಂತ ಮೊದಲು ಮನುಷ್ಯನ ಚಿಂತೆ ಮಾಡಬೇಕಾಗುತ್ತದೆ.

ಹಂತ 6: ಪ್ರಯೋಗಾಲಯದ ಅಳತೆಗಳು, ಅವುಗಳ ಮಿತಿಗಳು

ಡಿಎನ್‌ಎಗೆ 260 ಮತ್ತು 280 ನ್ಯಾನೊಮೀಟರ್‌ಗಳ ಹೀರಿಕೆಯ ಅನುಪಾತ ಸುಮಾರು 1.8, ಆರ್‌ಎನ್‌ಎಗೆ ಸುಮಾರು 2.0 ಇರಬೇಕು. 260 ಮತ್ತು 230ರ ಅನುಪಾತ ತೀರಾ ಇಳಿದಿದ್ದರೆ ಬೇರ್ಪಡಿಸುವಾಗ ಬಳಸಿದ ಲವಣವೋ ಫೀನಾಲೋ ಉಳಿದಿದೆ. ಆದರೆ ಬೆಳಕಿನ ಹೀರಿಕೆ ಅಳೆಯುವ ಈ ಯಂತ್ರಕ್ಕೆ ಡಿಎನ್‌ಎ, ಆರ್‌ಎನ್‌ಎ ಭೇದವಿಲ್ಲ. ಪ್ರಮಾಣ ತಿಳಿಯಲು ಪ್ರತಿದೀಪ್ತಿ ಬಣ್ಣ ಬಳಸುವ ಕ್ಯೂಬಿಟ್‌ನಂಥ ಉಪಕರಣದಲ್ಲೂ ಅಳೆಯಿರಿ. ಮೊದಲ ಯಂತ್ರ ಎರಡನೆಯದರ ದುಪ್ಪಟ್ಟು ತೋರಿಸಿದರೆ ಡಿಎನ್‌ಎಯಲ್ಲಿ ಆರ್‌ಎನ್‌ಎ ಬೆರೆತಿದೆ ಎಂದು ಅನುಮಾನಿಸಿ. ಎಳೆಗಳು ಉದ್ದವಾಗಿವೆಯೇ, ಚೂರಾಗಿವೆಯೇ ಎಂಬುದನ್ನು ಎರಡೂ ಹೇಳುವುದಿಲ್ಲ. ಅದಕ್ಕೆ ಜೆಲ್ ಅಥವಾ ಎಲೆಕ್ಟ್ರೋಫೋರೆಸಿಸ್ ಉಪಕರಣವೇ ಬೇಕು.

ಆರ್‌ಎನ್‌ಎ ಎಷ್ಟು ಚೂರಾಗದೆ ಉಳಿದಿದೆ ಎಂದು ಹೇಳುವ, 1ರಿಂದ 10ರವರೆಗಿನ ಆರ್‌ಐಎನ್ ಅಂಕ ಈ ಕ್ಷೇತ್ರದವರಿಗೆಲ್ಲ ಗೊತ್ತು. ಅದು ಮುಖ್ಯವಾಗಿ ರೈಬೋಸೋಮ್‌ನ ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂದು ನೋಡುತ್ತದೆ. ಅಂಗಾಂಶ ಆಮ್ಲಜನಕವಿಲ್ಲದೆ ಕಾದಾಗ ಕೆಲವು ವಂಶವಾಹಿಗಳ ಚಟುವಟಿಕೆ ಏರಿಳಿಯುತ್ತದೆ, ಆರ್‌ಐಎನ್ ಮಾತ್ರ 8ರಲ್ಲೇ ನಿಂತಿರಬಹುದು. ಹೆಚ್ಚಿನ ಅಂಕ ಕಂಡು ಎರಡನೆಯ ಹಂತದ ಸಮಯದ ದಾಖಲೆಯನ್ನು ಗಾಳಿಗೆ ತೂರಬೇಡಿ. ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶಕ್ಕೆ ಆರ್‌ಐಎನ್ ಹೆಚ್ಚು ಉಪಯೋಗವಿಲ್ಲ. ಅಲ್ಲಿ 200 ನ್ಯೂಕ್ಲಿಯೋಟೈಡ್‌ಗಿಂತ ಉದ್ದದ ತುಣುಕುಗಳು ಶೇಕಡಾ ಎಷ್ಟಿವೆ ಎಂಬ ಡಿವಿ200 ಅಳತೆ ನೋಡುತ್ತಾರೆ.

ಗಡ್ಡೆಯ ತುಂಡಿಗೆ ಸೂಕ್ಷ್ಮದರ್ಶಕವೇ ದೊಡ್ಡ ಪರೀಕ್ಷೆ. ಹೆಪ್ಪುಗಟ್ಟಿದ ತುಂಡಿನಿಂದ ತೆಳುಪದರ ಕತ್ತರಿಸಿ, ಬಣ್ಣ ಹಾಕಿ, ಅದರಲ್ಲಿ ಗಡ್ಡೆಯ ಕೋಶಗಳು ಎಷ್ಟು, ಸತ್ತ ಭಾಗ ಎಷ್ಟು ಎಂದು ರೋಗಶಾಸ್ತ್ರಜ್ಞರು ನೋಡಿ ಬರೆಯಬೇಕು. ‘ಗಡ್ಡೆ’ ಎಂಬ ಚೀಟಿಯ ಟ್ಯೂಬ್‌ನಲ್ಲಿ ಬರೀ ಕೊಬ್ಬು ಇರುವುದು ಅಪರೂಪವಲ್ಲ.

ಹೆಪ್ಪುಗಟ್ಟಿದ ಜೀವಕೋಶಗಳನ್ನು ಕರಗಿಸಿ, ಸತ್ತ ಕೋಶಗಳಿಗಷ್ಟೇ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಬದುಕಿದವನ್ನು ಎಣಿಸುವುದು ವಾಡಿಕೆ. ಇಲ್ಲಿ ಎರಡು ಮೋಸಗಳಿವೆ. ಒಡೆದು ಮಾಯವಾದ ಕೋಶಗಳು ಎಣಿಕೆಗೇ ಸಿಗುವುದಿಲ್ಲ. ಹತ್ತು ದಶಲಕ್ಷ ಹಾಕಿ ಮೂರು ದಶಲಕ್ಷ ಮಾತ್ರ ಸಿಕ್ಕರೂ ‘ಶೇಕಡಾ 90 ಜೀವಂತ’ ಎಂಬ ವರದಿ ಬರಬಹುದು. ಆದ್ದರಿಂದ ಮರಳಿ ಸಿಕ್ಕ ಒಟ್ಟು ಸಂಖ್ಯೆಯನ್ನೂ ಬರೆಯಿರಿ. ಎರಡನೆಯದು, ಕರಗಿಸಿದ ತಕ್ಷಣ ಬದುಕಿದಂತೆ ಕಾಣುವ ಕೋಶಗಳಲ್ಲಿ ಹಲವು ಮರುದಿನದೊಳಗೆ ಸಾಯುತ್ತವೆ. ರಾತ್ರಿಯಿಡೀ ಬೆಚ್ಚಗಿಟ್ಟು ಬೆಳಿಗ್ಗೆ ಮತ್ತೊಮ್ಮೆ ಎಣಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಹಂತ 7: ಎಷ್ಟು ಟ್ಯೂಬ್ ಪರೀಕ್ಷಿಸಬೇಕು?

ಪ್ರತಿ ಪರೀಕ್ಷೆಯೂ ಮಾದರಿಯನ್ನು ತಿನ್ನುತ್ತದೆ. ಎಲ್ಲವನ್ನೂ ಪರೀಕ್ಷಿಸಿದರೆ ಸಂಶೋಧನೆಗೆ ಉಳಿಯುವುದಿಲ್ಲ. ಹತ್ತನ್ನು ನೋಡಿ ‘ಎಲ್ಲ ಸರಿ’ ಎಂದರೆ ಲೆಕ್ಕ ಒಪ್ಪುವುದಿಲ್ಲ. ಇದಕ್ಕೆ ಬೆರಳಲ್ಲೇ ಎಣಿಸಬಹುದಾದ ಸೂತ್ರವಿದೆ: ಪರೀಕ್ಷಿಸಿದ ಯಾವುದೂ ವಿಫಲವಾಗದಿದ್ದರೆ, 3 ಅನ್ನು ಆ ಸಂಖ್ಯೆಯಿಂದ ಭಾಗಿಸಿ. 60 ಟ್ಯೂಬ್‌ಗಳಲ್ಲಿ ಒಂದೂ ಕೆಡದಿದ್ದರೆ, ಇಡೀ ಸಂಗ್ರಹದಲ್ಲಿ ಕೆಟ್ಟವು ಶೇಕಡಾ 5ಕ್ಕಿಂತ ಕಡಿಮೆ ಎಂದು ಶೇಕಡಾ 95ರಷ್ಟು ವಿಶ್ವಾಸದಿಂದ ಹೇಳಬಹುದು. ಅದನ್ನು ಶೇಕಡಾ 1ಕ್ಕೆ ಇಳಿಸಬೇಕಾದರೆ 300 ಬೇಕು. ಹತ್ತೇ ಹತ್ತು ನೋಡಿದ್ದರೆ ಸಂಗ್ರಹದ ಕಾಲು ಭಾಗ ಕೆಟ್ಟಿದ್ದರೂ ನಿಮಗೆ ಗೊತ್ತಾಗದೆ ಹೋಗಬಹುದು.

ಸೂತ್ರ ಕೆಲಸ ಮಾಡುವುದು ಆಯ್ಕೆ ಯಾದೃಚ್ಛಿಕವಾಗಿದ್ದರೆ ಮಾತ್ರ. ಕೈಗೆ ಎಟುಕುವ ಮೇಲಿನ ಅರೆಯಿಂದ ತೆಗೆದ 60 ಟ್ಯೂಬ್‌ಗಳು ಆ ಅರೆಯ ಬಗ್ಗೆಯಷ್ಟೇ ಹೇಳುತ್ತವೆ. ಪಟ್ಟಿಯಿಂದ ಗಣಕವೇ ಆರಿಸಲಿ. ಪ್ರತಿ ಫ್ರೀಜರ್, ಪ್ರತಿ ಸಂಗ್ರಹ ಕೇಂದ್ರ, ಪ್ರತಿ ವರ್ಷದಿಂದಲೂ ಒಂದಿಷ್ಟು ಬರಲಿ. ಪರೀಕ್ಷಿಸಿದ ಕೇಂದ್ರಗಳ ನಡುವೆ ವ್ಯತ್ಯಾಸ ಕಂಡರೆ ಕಾರಣ ಬಹುತೇಕ ಫ್ರೀಜರ್‌ನಲ್ಲಿಲ್ಲ, ಎರಡನೆಯ ಹಂತದಲ್ಲಿದೆ.

ದಾನಿಗಳ ಮಾದರಿ ಮುಟ್ಟದೆ ಶೇಖರಣೆಯನ್ನು ಪರೀಕ್ಷಿಸುವ ಒಳ್ಳೆಯ ಉಪಾಯವೂ ಇದೆ. ಸಂಗ್ರಹ ಶುರುವಾಗುವಾಗಲೇ ಹಲವರ ಪ್ಲಾಸ್ಮಾ ಬೆರೆಸಿ ನೂರಾರು ಸಣ್ಣ ಟ್ಯೂಬ್‌ಗಳಿಗೆ ಹಂಚಿ, ಪ್ರತಿ ಫ್ರೀಜರ್‌ನ ಮೇಲೆ, ನಡುವೆ, ಕೆಳಗೆ ಇಡಿ. ಪ್ರತಿ ವರ್ಷ ಕೆಲವನ್ನು ತೆಗೆದು ಅಳೆದು ಫಲಿತಾಂಶವನ್ನು ನಕ್ಷೆಯಲ್ಲಿ ಗುರುತಿಸಿ. ಆದರೆ ಮೌಲ್ಯ ಇಳಿದರೆ ಮಾದರಿ ಕೆಟ್ಟಿತೆಂದು ತಕ್ಷಣ ತೀರ್ಮಾನಿಸಬೇಡಿ. ಪರೀಕ್ಷೆಯ ರಾಸಾಯನಿಕದ ಹೊಸ ಬ್ಯಾಚ್ ಕೂಡ ಕಾರಣವಿರಬಹುದು. ಮೈನಸ್ 80ರಲ್ಲಿದ್ದ ಟ್ಯೂಬ್ ಮತ್ತು ದ್ರವ ಸಾರಜನಕದಲ್ಲಿದ್ದ ಅದೇ ಮಿಶ್ರಣದ ಟ್ಯೂಬ್ ಎರಡನ್ನೂ ಒಂದೇ ದಿನ, ಒಂದೇ ಯಂತ್ರದಲ್ಲಿ ಅಳೆದರೆ ಯಾವುದು ಬದಲಾಗಿದೆ ಎಂದು ಬೇರ್ಪಡಿಸಬಹುದು.

ಹಂತ 8: ವಿಫಲವಾದ ಮಾದರಿಯನ್ನು ಏನು ಮಾಡಬೇಕು?

ಎಸೆಯಬೇಡಿ, ಮುಚ್ಚಿಡಲೂ ಬೇಡಿ. ಗಣಕದಲ್ಲಿ ಗುರುತು ಹಾಕಿ, ಯಾವ ಬಳಕೆಗೆ ಆಗದು ಎಂದು ಬರೆಯಿರಿ. ಹೀಮಾಲಿಸಿಸ್ ಆದ ಪ್ಲಾಸ್ಮಾ ಮೈಕ್ರೋಆರ್‌ಎನ್‌ಎಗೆ ಬೇಡವಾದರೂ ಬೇರೆ ಕೆಲಸಕ್ಕೆ ಆಗಬಹುದು. ಅದೇ ದಿನ, ಅದೇ ಸೆಂಟ್ರಿಫ್ಯೂಜ್, ಅದೇ ಪೆಟ್ಟಿಗೆಯ ಉಳಿದ ಟ್ಯೂಬ್‌ಗಳನ್ನು ಹುಡುಕಿ ತಡೆಹಿಡಿಯಿರಿ. ಆ ಗುಂಪಿನಿಂದ ಈಗಾಗಲೇ ಯಾರಿಗಾದರೂ ಕಳಿಸಿದ್ದರೆ ಅವರಿಗೆ ಬರೆದು ತಿಳಿಸಬೇಕು. ಮುಜುಗರದ ಪತ್ರ ಅದು, ಆದರೆ ಅವರ ಪ್ರಬಂಧ ಅಚ್ಚಾದ ಮೇಲೆ ಬರೆಯುವುದಕ್ಕಿಂತ ಹಗುರ.

ಹಂತ 9: ಕಳಿಸುವಾಗ ಮತ್ತು ಕಳಿಸಿದ ಮೇಲೆ

ಒಣ ಮಂಜುಗಡ್ಡೆಯ ಜೊತೆ ತಾಪಮಾನ ದಾಖಲಿಸುವ ಸಣ್ಣ ಉಪಕರಣ ಹೋಗಲಿ, ತಲುಪಿದ ಮೇಲೆ ಅದರ ನಕ್ಷೆ ನಿಮಗೆ ಮರಳಿ ಬರಲಿ. ಒಣ ಮಂಜುಗಡ್ಡೆ ಎಂದರೆ ಘನರೂಪದ ಇಂಗಾಲದ ಡೈಆಕ್ಸೈಡ್. ಮುಚ್ಚಳ ಸಡಿಲವಾಗಿದ್ದರೆ ಅನಿಲ ಟ್ಯೂಬ್‌ನೊಳಗೆ ಸೇರಿ, ಕರಗಿಸಿದಾಗ ಮಾದರಿ ಆಮ್ಲೀಯವಾಗುತ್ತದೆ. ತಲುಪಿದ ಟ್ಯೂಬ್‌ಗಳನ್ನು ನೇರವಾಗಿ ಕರಗಿಸದೆ, ಮೈನಸ್ 80ರ ಫ್ರೀಜರ್‌ನಲ್ಲಿ ಕೆಲಕಾಲ ಇಟ್ಟು ಅನಿಲ ಹೊರಹೋಗಲು ಬಿಡುವಂತೆ ಪಡೆಯುವವರಿಗೆ ಸೂಚನೆ ಕೊಡಿ.

ಮಾದರಿ ಪಡೆದವರಿಂದ ಒಂದು ಪುಟದ ವರದಿ ಕೇಳುವುದನ್ನು ಒಪ್ಪಂದದಲ್ಲೇ ಸೇರಿಸಿ: ಎಷ್ಟು ಟ್ಯೂಬ್‌ಗಳು ಪರೀಕ್ಷೆಯಲ್ಲಿ ವಿಫಲವಾದವು, ಯಾವ ಕಾರಣಕ್ಕೆ. ನೀವು ಖರ್ಚು ಮಾಡಲಾಗದಷ್ಟು ವಿಸ್ತಾರವಾದ ಪರೀಕ್ಷೆ ಅವರು ಹೇಗೂ ಮಾಡಿರುತ್ತಾರೆ. ಉಳಿದ ದ್ರವವನ್ನು ಅವರು ಹಿಂದಿರುಗಿಸಿದರೆ ಅದನ್ನು ಹಳೆಯ ಜಾಗದಲ್ಲಿ ಮತ್ತೆ ಇಡಬೇಡಿ. ಅದು ಒಮ್ಮೆಯಾದರೂ ಕರಗಿದೆ, ನಿಮ್ಮ ಕಣ್ಣಿಗೆ ಬೀಳದ ಕಡೆ ಇದ್ದು ಬಂದಿದೆ. ಹೊಸ ಗುರುತು ಸಂಖ್ಯೆ ಕೊಟ್ಟು, ಬೇರೆ ಪೆಟ್ಟಿಗೆಯಲ್ಲಿ, ಎಷ್ಟು ಬಾರಿ ಕರಗಿದೆ ಎಂಬ ಎಣಿಕೆಯೊಂದಿಗೆ ಇಡಿ. ಆ ಎಣಿಕೆ ಅವರು ಬರೆದು ಕೊಟ್ಟಿಲ್ಲವಾದರೆ ನಾಶಪಡಿಸಿ, ನಾಶಪಡಿಸಿದ್ದನ್ನು ದಾಖಲಿಸಿ.